ಮೊದಲ ಪಂಕ್ತಿಗೆ ಕುಳಿತ ಗಂಗಾಳ

ನಾನು ಒಂದು ಗಂಗಾಳ. ಮೈಸೂರು ಕಡೆಯವರು ತಟ್ಟೆ ಎನ್ನುತ್ತಾರಂತೆ. ನಮ್ಮ ಕಡೆ ಅಂಚು ಎತ್ತರಿಸಿದ ಊಟದ ತಟ್ಟೆಗೆ ಗಂಗಾಳ ಎಂದೇ ಹೆಸರು.

ನನ್ನ ತಾಯಿ ಒಂದು ದೊಡ್ಡ ಸ್ಟೀಲಿನ ಹಾಳೆ. ಕಾರ್ಖಾನೆಯ ಯಂತ್ರ ಒಮ್ಮೆ ಧಡ್ ಎಂದು ಒತ್ತಿತು, ನಾನು ದುಂಡಗೆ ಹೊರಗೆ ಬಿದ್ದೆ. ಆಮೇಲೆ ತಿರುಗುವ ಗಾಲಿಗೆ ಹಿಡಿದು ನನ್ನನ್ನು ಎಷ್ಟು ಉಜ್ಜಿದರೆಂದರೆ, ಉಜ್ಜುವವನ ಮೀಸೆಯ ಒಂದೊಂದು ಕೂದಲೂ ನನ್ನಲ್ಲಿ ಕಾಣುತ್ತಿತ್ತು. ಜನ್ಮವೆತ್ತಿದ ಮೇಲೆ ಅನ್ನ ಕಾಣುವುದೊಂದೇ ಬಾಕಿ ಎಂದುಕೊಂಡೆ. ಅದಕ್ಕೆ ಏಳು ವರ್ಷ ಹಿಡಿಯಿತು.

ಯಾರೋ ನನ್ನನ್ನು ಕೊಂಡು, ಬಣ್ಣದ ಕಾಗದ ಸುತ್ತಿ, ನವಲಗುಂದದ ಒಬ್ಬ ಮಾಸ್ತರರ ಮದುವೆಗೆ ಉಡುಗೊರೆ ಕೊಟ್ಟರು. ಆ ಮದುವೆಗೆ ಬಂದ ಗಂಗಾಳಗಳು ನಲವತ್ತೊಂದು. ಮನೆಯಲ್ಲಿ ಉಣ್ಣುವವರು ಇಬ್ಬರು. ನಮ್ಮನ್ನೆಲ್ಲ ಅಟ್ಟಕ್ಕೆ ಏರಿಸಿದರು. ಏಳು ವರ್ಷ ಅಲ್ಲಿ ಜೇಡನ ಜೊತೆ ಸಂಸಾರ ಮಾಡಿದೆ. ಮಾಸ್ತರರಿಗೆ ವರ್ಗವಾದಾಗ ಸಾಮಾನು ಇಳಿಸುವ ಗಡಿಬಿಡಿಯಲ್ಲಿ ನಾನು ಕಲ್ಲಿನ ಮೇಲೆ ಬಿದ್ದೆ. ಅಂಚು ಒಂದು ಕಡೆ ಸೊಟ್ಟಗಾಯಿತು. ಮಾಸ್ತರರ ಹೆಂಡತಿ ಹನ್ನೆರಡು ಗಂಗಾಳಗಳನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಕೊಟ್ಟು ಹೋದಳು. ಅವುಗಳಲ್ಲಿ ನಾನೂ ಒಂದು.

ಆ ಖಾನಾವಳಿಯನ್ನು ನಡೆಸುತ್ತಿದ್ದವಳು ಸಾವಂತ್ರೆವ್ವ. ಅವಳಿಗೆ ಜೊತೆ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಾಶವ್ವ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು. ಇಬ್ಬರ ನಗು ಮಾತ್ರ ಬೀದಿಯ ತನಕ ಕೇಳುತ್ತಿತ್ತು. ಒಂದು ಪಡಸಾಲೆ, ನಾಲ್ಕು ಬೆಂಚು, ಹಿಂದೆ ಅಡಿಗೆಮನೆ. ಬೆಳಗಿನಿಂದ ಟಪಟಪ ಎಂದು ರೊಟ್ಟಿ ಬಡಿಯುವ ಸದ್ದು. ಬದನೆಕಾಯಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮಜ್ಜಿಗೆ.

"ಸೊಟ್ಟ ಗಂಗಾಳದಾಗ ಮಂದಿಗೆ ನೀಡಬಾರದು," ಎಂದು ಸಾವಂತ್ರೆವ್ವ ನನ್ನನ್ನು ತನಗೇ ಇಟ್ಟುಕೊಂಡಳು. ನನಗೆ ಖುಷಿಯಾಯಿತು. ಆದರೆ ಅವಳು ಉಣ್ಣುತ್ತಿದ್ದುದು ಕೊನೆಯ ಗಿರಾಕಿ ಕೈ ತೊಳೆದ ಮೇಲೆ, ಮಧ್ಯಾಹ್ನ ಮೂರೂವರೆಗೋ ನಾಲ್ಕಕ್ಕೋ. ತಳ ಹಿಡಿದ ಪಲ್ಯ, ಅಂಚು ಮುರಿದ ರೊಟ್ಟಿ. ನಾನು ಅವಳ ತೊಡೆಯ ಮೇಲೆ ಕುಳಿತು ಮೇಲೆ ನೋಡುತ್ತಿದ್ದೆ. ಅವಳ ಗದ್ದ, ಬೆವರು, ಮೂಗಿನ ಬೊಟ್ಟು, ಅದರಾಚೆ ಹೊಗೆ ಹಿಡಿದ ಜಂತಿ. ಇದೇ ನನ್ನ ಲೋಕ.

ಹೀಗೆ ಹನ್ನೆರಡು ವರ್ಷ ಕಳೆದವು. ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂತು. ಆಮೇಲೆ ಅವಳಿಗೆ ಒಂದು ಒಣ ಕೆಮ್ಮು ಹತ್ತಿತು. ಮೆಣಸಿನಕಾಯಿ ಒಣಹಾಕಲು ಮಾಳಿಗೆ ಏರುವಾಗ ನಡುವೆ ನಿಂತು ಗೋಡೆ ಹಿಡಿಯುತ್ತಿದ್ದಳು. ದಿನಾ ಉಣ್ಣಲು ಬರುತ್ತಿದ್ದ ನಿವೃತ್ತ ಕಂಡಕ್ಟರ್ ಮಡಿವಾಳಪ್ಪ ಒಂದು ದಿನ ಹೇಳಿಯೇಬಿಟ್ಟ:

"ಯವ್ವಾ, ನಿನ್ನ ಕೆಮ್ಮು ನಮ್ಮ ಹಳೇ ಬಸ್ಸಿನ ಸೆಲ್ಫ್ ಹೊಡದಂಗ ಆಗೇತಿ. ಗಾಡಿ ಚಾಲೂನೂ ಆಗವಲ್ದು, ಸುಮ್ನ ನಿಂದ್ರವಲ್ದು."

"ಉಣ್ಣೂದು ಬಿಟ್ಟು ನನ್ನ ಕೆಮ್ಮು ಕೇಳಾಕ ಬರ್ತಿಯೇನೋ?" ಎಂದು ಸಾವಂತ್ರೆವ್ವ ನಕ್ಕಳು. ನಗುತ್ತ ನಗುತ್ತ ಮತ್ತೆ ಕೆಮ್ಮಿದಳು.

ಕಾಶವ್ವ ಅವಳನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಿರುಗಿ ಬಂದು ಅಡಿಗೆಮನೆಯಲ್ಲಿ ಎಲ್ಲವನ್ನೂ ಪಾತ್ರೆಗಳಿಗೂ ಕೇಳುವಂತೆ ಹೇಳಿದಳು. ಸಾವಂತ್ರೆವ್ವನ ಪುಪ್ಪುಸದಲ್ಲಿ, ಅಂದರೆ ಶ್ವಾಸಕೋಶದಲ್ಲಿ, ಗಾಯ ಮಾಯ್ದ ಜಾಗದ ಹಾಗೆ ಗಟ್ಟಿ ಕಲೆಗಳು ಎದ್ದಿವೆ. ಯಾಕೆ ಎದ್ದವು ಎಂದು ಡಾಕ್ಟರರಿಗೂ ಖಚಿತವಾಗಿ ಹೇಳಲಾಗದು. ಎದ್ದ ಕಲೆ ಹೋಗುವುದಿಲ್ಲ. ಆದರೆ ಹೊಸ ಕಲೆ ಬೇಗ ಬೇಗ ಏಳದಂತೆ ತಡೆಯಲು ಒಂದು ಗುಳಿಗಿ ಇದೆ. ದಿನಕ್ಕೆ ಮೂರು ಸಲ, ಊಟದ ನಡುವೆ ನುಂಗಬೇಕು. ಮೊದಲ ವಾರ ಸಲಕ್ಕೆ ಒಂದು, ಎರಡನೆಯ ವಾರ ಎರಡು, ಆಮೇಲೆ ಮೂರು. ಲಿವರ್ ಹೇಗಿದೆ ಎಂದು ನೋಡಲು ತಿಂಗಳಿಗೊಮ್ಮೆ ರಕ್ತ ಕೊಡಬೇಕು.

"ಮತ್ತ ಬಿಸಿಲಿಗೆ ಹೋಗೂವಂಗಿಲ್ಲ ಅಕ್ಕಾ. ಈ ಗುಳಿಗಿ ತೊಗೊಂಡವರಿಗೆ ಬಿಸಿಲು ಬಡದ್ರ ಮೈ ಸುಟ್ಟಂಗ ಆಕ್ಕೈತಂತ. ಮೆಣಸಿನಕಾಯಿ ನಾ ಒಣಹಾಕತೀನಿ."

"ನೀ ಹಾಕಿದ್ರ ಅರ್ಧ ಹಕ್ಕಿ ಪಾಲು," ಎಂದಳು ಸಾವಂತ್ರೆವ್ವ. ಆದರೂ ಒಪ್ಪಿದಳು.

ಇಷ್ಟೆಲ್ಲ ತಿಳಿದ ಮೇಲೂ ತಪ್ಪು ನಡೆಯಿತು. ಅದನ್ನು ನೋಡಿದವನು ನಾನೊಬ್ಬನೇ, ನನಗೆ ಬಾಯಿಲ್ಲ.

ಹನ್ನೆರಡೂವರೆಗೆ ಮೊದಲ ಪಂಕ್ತಿ ಕೂರುತ್ತಿತ್ತು. ಎಲ್ಲರಿಗೂ ರೊಟ್ಟಿ ಬಿದ್ದ ಮೇಲೆ ಸಾವಂತ್ರೆವ್ವ ಅಡಿಗೆಮನೆಗೆ ಬಂದು, ಗುಳಿಗಿ ಬಾಯಿಗೆ ಹಾಕಿ, ಮೇಲೆ ಒಂದು ಗುಟುಕು ಮಜ್ಜಿಗೆ ಕುಡಿಯುತ್ತಿದ್ದಳು. ಊಟ ನಡೆದಿದೆ, ಗುಳಿಗಿ ತೊಗೊಂಡೆ, ಎಂದು ಅವಳ ಲೆಕ್ಕ. ಉಣ್ಣುತ್ತಿದ್ದವರು ಮಾತ್ರ ಬೇರೆಯವರು. ಬೆಳಿಗ್ಗೆ ಚಹಾದ ಜೊತೆ, ಸಂಜೆಯೂ ಅದೇ ಪದ್ಧತಿ. ನಾನು ಗೋಡೆಯ ಗೂಡಿನಲ್ಲಿ ಬೋರಲಾಗಿ ಬಿದ್ದು ನೋಡುತ್ತಿದ್ದೆ.

ಎರಡನೆಯ ವಾರಕ್ಕೆ ಅವಳಿಗೆ ಹೊಟ್ಟೆ ತೊಳಸತೊಡಗಿತು. ಮೂರನೆಯ ವಾರಕ್ಕೆ ಒಗ್ಗರಣೆಯ ವಾಸನೆ ಬಂದರೆ ಹಿತ್ತಲಿಗೆ ಓಡುತ್ತಿದ್ದಳು. ನಾಲ್ಕು ಗಂಟೆಗೆ ನನ್ನನ್ನು ಎದುರಿಗೆ ಇಟ್ಟುಕೊಂಡು, ಒಂದು ತುತ್ತು ಮುರಿದು, ಮತ್ತೆ ಬುಟ್ಟಿಗೆ ಹಾಕುತ್ತಿದ್ದಳು. ಕಡೆಗೊಂದು ದಿನ ಗುಳಿಗಿಯ ಹಾಳೆಗಳನ್ನೆಲ್ಲ ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಹುಗಿದಳು. ಕಾಶವ್ವ ಕೇಳಿದಾಗಲೆಲ್ಲ "ಹೂಂ, ತೊಗೊಂಡೆ" ಎಂದಳು.

ಮೂರು ವಾರ ಹಾಗೇ ಹೋಯಿತು. ವಾಂತಿ ನಿಂತಿತು, ಹಾಡು ಗುನುಗಿದಳು. ಆದರೆ ಉಸಿರು ಅವಳ ಮಾತು ಕೇಳಲಿಲ್ಲ. ಮೊದಲು ಮಾಳಿಗೆಯ ನಡುಮೆಟ್ಟಿಲಲ್ಲಿ ನಿಲ್ಲುತ್ತಿದ್ದವಳು ಈಗ ಪಡಸಾಲೆಯಲ್ಲಿ ಸಾರಿನ ಬಕೆಟ್ ಹಿಡಿದು ಎರಡನೆಯ ಬೆಂಚಿಗೇ ನಿಲ್ಲತೊಡಗಿದಳು.

ಹಿಟ್ಟು ತಳ ಕಂಡ ದಿನ ಗುಟ್ಟು ಹೊರಬಿತ್ತು. ಕಾಶವ್ವ ಡಬ್ಬಿಯಲ್ಲಿ ಕೈಹಾಕಿದವಳು ಹಿಟ್ಟು ಮೆತ್ತಿದ ಹಾಳೆಗಳನ್ನು ಎತ್ತಿ ಹಿಡಿದಳು.

"ಅಕ್ಕಾ, ಈ ಸಲ ಹಿಟ್ಟಿನಾಗ ಗುಳಿಗಿ ಬೆಳದಾವ ನೋಡ. ಇನ್ನೊಂದ ಸ್ವಲ್ಪ ತಡದಿದ್ರ ಮಡಿವಾಳಪ್ಪಗ ಗುಳಿಗಿ ರೊಟ್ಟಿ ನೀಡತಿದ್ವಿ!"

ಸಾವಂತ್ರೆವ್ವ ತಲೆ ತಗ್ಗಿಸಿದಳು. "ಅದು ನನ್ನ ಹೊಟ್ಟಿಗೆ ಆಗವಲ್ದು ಕಾಶಿ. ವಾಂತಿ ಮಾಡಕೋತ ಮಂದಿಗೆ ಹೆಂಗ ನೀಡಲಿ?"

ಕಾಶವ್ವ ನಗು ಬಿಟ್ಟಳು. "ಉಸಿರಽ ಹ್ವಾದ್ರ ಯಾರಿಗೆ ನೀಡತಿ? ನಾ ಒಬ್ಬಾಕಿನಽ ಈ ಮನ್ಯಾಗ ರೊಟ್ಟಿ ಬಡೀಲಿ?" ಎಂದವಳ ಕಣ್ಣಲ್ಲಿ ನೀರು ನಿಂತಿತು. ಸೆರಗಿನಿಂದ ಒರೆಸಿಕೊಂಡು ಆಸ್ಪತ್ರೆಯ ನರ್ಸ್ ಎಸ್ತರ್ ಸಿಸ್ಟರಿಗೆ ಫೋನ್ ಮಾಡಿದಳು.

ಸಿಸ್ಟರ್ ಮೊದಲು ಹೇಳಿದ್ದು, ಹಿಟ್ಟಿನ ಡಬ್ಬಿಯ ಆ ಗುಳಿಗಿಗಳನ್ನು ಯಾರೂ ನುಂಗಬೇಡಿ ಎಂದು. ಇಷ್ಟು ದಿನ ಬಿಟ್ಟ ಮೇಲೆ ಒಮ್ಮೆಲೇ ಮೂರರಿಂದ ಶುರು ಮಾಡಬಾರದು, ಡಾಕ್ಟರರೇ ನೋಡಿ ಹೇಳಬೇಕು. ಆಮೇಲೆ ಒಂದು ಮಾತು ಸೇರಿಸಿದಳು:

"ಸೋಮವಾರ ಊಟದ ಹೊತ್ತಿಗೆ ಬರ್ರಿ. ಬುತ್ತಿ ತರ್ರಿ. ಅವ್ವಾರು ಯಾವ ಗಂಗಾಳದಾಗ ಉಣತಾರೋ ಅದನ್ನೂ ತರ್ರಿ. ಅವರು ಹೆಂಗ ಉಂಡು ಗುಳಿಗಿ ತೊಗೋತಾರ, ನಾ ಕಣ್ಣೀಲೆ ನೋಡಬೇಕು."

ಹಾಗೆ ನಾನು ಬಸ್ಸು ಹತ್ತಿದೆ. ಇಪ್ಪತ್ತೈದು ರೊಟ್ಟಿಗಳ ಮೇಲೆ ಬೋರಲು ಕುಳಿತು ಹುಬ್ಬಳ್ಳಿಗೆ ಹೋದ ಗಂಗಾಳ ಲೋಕದಲ್ಲಿ ಇನ್ನೊಂದು ಇರಲಾರದು. ಆಸ್ಪತ್ರೆಯ ಹಿಂದೆ ಬೇವಿನ ಗಿಡದ ನೆರಳಲ್ಲಿ ಕಲ್ಲಿನ ಕಟ್ಟೆ ಇತ್ತು. ಸಿಸ್ಟರ್ ಎದುರಿಗೆ ಕುಳಿತು, "ಮನ್ಯಾಗ ಹೆಂಗೋ ಹಂಗಽ ಮಾಡ್ರಿ" ಎಂದಳು.

ಸಾವಂತ್ರೆವ್ವ ಬುತ್ತಿ ಬಿಚ್ಚಿದಳು. ಪಕ್ಕದಲ್ಲಿ ಕುಂದಗೋಳದ ಒಬ್ಬ ಮುದುಕ, ಮಗಳ ಜೊತೆ ಚೀಟಿ ಹಿಡಿದು ಕುಳಿತಿದ್ದ. "ಬಿಸಿಲಾಗ ಬಂದೀರಿ, ತೊಗೋರಿ" ಎಂದು ಇಬ್ಬರಿಗೂ ಎರಡೆರಡು ರೊಟ್ಟಿ. ಕಸ ಗುಡಿಸುವ ಆಯಾಗೆ ಮೂರು. ಕಾವಲಿನವನಿಗೆ ನಾಲ್ಕು, ಮೇಲೆ ಬದನೆಕಾಯಿ. "ನೀವೂ ಉಂಡಿಲ್ಲಲ್ರಿ ಸಿಸ್ಟರ್" ಎಂದು ಅವಳ ಕೈಗೂ. ಕಟ್ಟೆಯ ತುದಿಯ ತನಕ ಹೋಗಿ ನೀಡಿದಳು. ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಕಡೆಗೆ ಬಂದು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡಳು. ನನ್ನೊಳಗೆ ಬಿದ್ದದ್ದು ಕಾಲು ರೊಟ್ಟಿ, ಒಂದು ಹಸಿಮೆಣಸಿನಕಾಯಿ. ಅದನ್ನು ಮುಟ್ಟುವ ಮೊದಲೇ, ಹೇಗೆ ನುಂಗುತ್ತಾಳೆಂದು ತೋರಿಸಲು ಸಿಸ್ಟರ್ ಕೊಟ್ಟಿದ್ದ ಗುಳಿಗಿಯನ್ನು ಬಾಯಿಯ ಹತ್ತಿರ ಒಯ್ದಳು.

"ಅಲ್ಲೇ ಹಿಡೀರಿ!" ಸಿಸ್ಟರ್ ಅವಳ ಕೈ ಹಿಡಿದಳು. "ಇದೇನ್ರಿ ಸಾವಂತ್ರೆವ್ವಾರ?"

"ಎಲ್ಲಾರೂ ಉಣ್ಣಾಕತ್ತಾರಲ್ರಿ. ದಿನಾ ಹಿಂಗಽ ತೊಗೋತೀನಿ."

"ಎಲ್ಲಾರೂ ಉಣ್ಣಾಕತ್ತಾರ, ನಿಮ್ಮನ್ನ ಬಿಟ್ಟು! ನಿಮ್ಮ ಗಂಗಾಳ ಎಷ್ಟು ಖಾಲಿ ಐತಿ ನೋಡ್ರಿ, ನಿಮ್ಮ ಮುಖ ಕಾಣತೈತಿ ಅದರಾಗ."

ಕುಂದಗೋಳದ ಮುದುಕ ಬಾಯಲ್ಲಿದ್ದ ತುತ್ತು ನುಂಗಿ, "ಅಲ್ಲಬೇ ತಂಗಿ, ನಾವು ರೊಟ್ಟಿ ತಿನ್ನೂದು, ನೀ ಗುಳಿಗಿ ನುಂಗೂದು! ಅದು ನಮ್ಮ ಹೊಟ್ಟಿಗೆ ಬಂದು ರೊಟ್ಟಿ ಕೇಳತೈತೇನ?" ಎಂದ. ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಾವಂತ್ರೆವ್ವನೂ ನಕ್ಕಳು. ನಾನು ನಗಲಾರದೆ ಮಿನುಗಿದೆ.

ಸಿಸ್ಟರ್ ಅವಳ ಪಕ್ಕಕ್ಕೆ ಸರಿದು ಮೆಲ್ಲಗೆ ತಿಳಿಸಿದಳು. ಅರ್ಧ ಊಟ ಮಾಡಬೇಕು, ಆಗ ಗುಳಿಗಿ, ಮೇಲೆ ಉಳಿದರ್ಧ ಊಟ. ಬಹಳ ಮಂದಿಗೆ ಇದರಿಂದಲೇ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಆಗದಿದ್ದರೆ ಫೋನ್ ಮಾಡಬೇಕು, ಡಾಕ್ಟರು ಪ್ರಮಾಣ ಇಳಿಸಿ ನೋಡುತ್ತಾರೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಹೊತ್ತಿನದು ನುಂಗಬಾರದು. "ಕದ್ದು ಬಿಡೂದು ಮಾತ್ರ ಬ್ಯಾಡ್ರಿ. ಒಳಗಿನ ಕಲೆ ಬೆಳ್ಯಾಕತ್ತಿದ್ದು ನಿಮಗ ಗೊತ್ತಾಗೂದಿಲ್ಲ. ಗೊತ್ತಾಗೂ ಹೊತ್ತಿಗೆ ಒಲಿ ಮುಂದ ನಿಂದ್ರಾಕೂ ಉಸಿರು ಸಾಲೂದಿಲ್ಲ."

ಸಾವಂತ್ರೆವ್ವ ನನ್ನ ಸೊಟ್ಟ ಅಂಚನ್ನು ಸವರಿದಳು. "ಹಸಕೊಂಡು ಬಂದವರ ಎದುರಿಗೆ ನಾ ಹೆಂಗ ಉಣ್ಣಲಿ ಯವ್ವಾ?"

"ಹಸದವರು ಕಾಲು ತಾಸು ತಡೀತಾರ. ನಿಮ್ಮ ಪುಪ್ಪುಸ ತಡೆಯೂದಿಲ್ಲ."

ಅಂದೇ ರಕ್ತ ಕೊಟ್ಟಳು. ವರದಿ ನೋಡಿ ಡಾಕ್ಟರು ಮತ್ತೆ ಸಲಕ್ಕೆ ಒಂದರಿಂದ ಶುರು ಮಾಡಿಸಿದರು.

ಮರುದಿನದಿಂದ ನನ್ನ ಬದುಕೇ ತಿರುಗಿತು. ಅಟ್ಟದಲ್ಲಿ ಏಳು ವರ್ಷ ನಿದ್ದೆ ಮಾಡಿದ ನನಗೆ ದಿನಕ್ಕೆ ಮೂರು ಪಾಳಿ! ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ರೊಟ್ಟಿ, ಸಂಜೆ ಅನ್ನ. ಕಾಶವ್ವ ಬಾಗಿಲು ತೆರೆಯುವ ಮೊದಲೇ ನನ್ನನ್ನು ತುಂಬಿಸಿ ಅಕ್ಕನ ಮುಂದೆ ಇಡುತ್ತಿದ್ದಳು. ಸಾವಂತ್ರೆವ್ವ ಮೊದಮೊದಲು ಅಡಿಗೆಮನೆಯ ಬಾಗಿಲ ಹಿಂದೆ, ಕಳ್ಳಿಯ ಹಾಗೆ, ಗೋಡೆಗೆ ಮುಖ ಮಾಡಿ ಉಂಡಳು. ಹೊರಗೆ ಯಾರಾದರೂ ಕೆಮ್ಮಿದರೆ ಅರ್ಧಕ್ಕೇ ಏಳುತ್ತಿದ್ದಳು. ಕಾಶವ್ವ ಅವಳ ಭುಜ ಒತ್ತಿ ಕೂರಿಸುತ್ತಿದ್ದಳು.

ಬಾಗಿಲು ತಡವಾಗಿ ತೆರೆಯುವ ಕಾರಣ ಮಡಿವಾಳಪ್ಪನಿಗೆ ತಿಳಿಯಿತು. ಅವನು ತನ್ನ ಹಳೆಯ ಸೀಟಿ ಹುಡುಕಿ ತಂದ. ಹೊಸ್ತಿಲಲ್ಲಿ ನಿಂತು, "ತಡೀರಿ, ತಡೀರಿ! ಒಳಗ ಒಬ್ಬರು ಪ್ಯಾಸೆಂಜರ್ ಉಣ್ಣಾಕತ್ತಾರ. ಬೀಡಿ ಸೇದವ್ರು ರಸ್ತೆ ದಾಟಿ ಸೇದ್ರಿ!" ಎಂದು ಕೂಗುತ್ತಿದ್ದ. ಕಾಶವ್ವ ಒಳಗಿನಿಂದ ಹೂಂ ಅಂದರೆ ಎರಡು ಸಲ ಸೀಟಿ ಊದಿ, "ರೈಟ್!" ಎನ್ನುತ್ತಿದ್ದ. ಆಗ ಮೊದಲ ಪಂಕ್ತಿ ಒಳಗೆ ಬರುತ್ತಿತ್ತು.

ಹೊಟ್ಟೆ ತೊಳಸುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಹಿತ್ತಲಿಗೆ ಓಡುವುದು ತಪ್ಪಿತು. ಒಬ್ಬ ಡ್ರೈವರ್ ತನ್ನ ಬೇನೆಗೆ ತಂದಿದ್ದ ಮಾತ್ರೆ ನೀಡಿದಾಗ, "ಬ್ಯಾಡಪಾ, ಸಿಸ್ಟರ್‌ನ ಕೇಳದ ಏನೂ ನುಂಗೂವಂಗಿಲ್ಲ" ಎಂದಳು. ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡಳು. ತಿಂಗಳಿಗೊಮ್ಮೆ ರಕ್ತ ಕೊಟ್ಟು ಬಂದಳು. ಆರು ತಿಂಗಳಿಗೆ ಉಸಿರಿನ ಪರೀಕ್ಷೆ ಮಾಡಿಸಿ ಬಂದಾಗ ಕಾಶವ್ವನ ಮುಖ ಸಣ್ಣದಾಗಿತ್ತು.

"ಹೋದ ಸಲ ಎಷ್ಟಿತ್ತೋ ಅಷ್ಟಽ ಐತಂತ."

"ಹುಚ್ಚಿ, ಅದಽ ಗೆದ್ದಂಗ ಅಂದ್ರು ಡಾಕ್ಟರು," ಎಂದು ಸಾವಂತ್ರೆವ್ವ ಅವಳ ಗಲ್ಲ ಹಿಂಡಿದಳು.

ಈಗ ನನಗೂ ವಯಸ್ಸಾಗಿದೆ. ಮೈತುಂಬ ಗೀರು, ಹೊಳಪಿಲ್ಲ. ಖಾನಾವಳಿಗೆ ಖಾನೆಗಳಿರುವ ಹೊಸ ತಟ್ಟೆಗಳು ಬಂದಿವೆ, ನನ್ನ ಓರಗೆಯವರು ಗುಜರಿಗೆ ಹೋದರು. ನಾನು ಮಾತ್ರ ಕಿಟಕಿಯ ಪಕ್ಕದ ಗೂಡಿನಲ್ಲಿ ಒಬ್ಬಂಟಿಯಾಗಿ ಇದ್ದೇನೆ, ಮೂರು ಹೊತ್ತು ಕೆಲಸಕ್ಕೆ ಇಳಿಯುತ್ತೇನೆ. ನನಗೆ ಅನಿಸುವುದು ಇಷ್ಟು. ಮಂದಿಗೆ ನೀಡುವುದನ್ನು ಕಲಿಯಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತನಗೆ ನೀಡಿಕೊಳ್ಳುವುದನ್ನು ಕಲಿಯುವುದೇ ಅವಳಿಗೆ ಕಷ್ಟವಾಯಿತು.

ಮೊನ್ನೆ ಮಡಿವಾಳಪ್ಪ ಮಗಳ ಊರಿಗೆ ಹೋಗಿದ್ದ, ಬಾಗಿಲು ಕಾಯುವವರಿಲ್ಲ. ಸಾವಂತ್ರೆವ್ವ ಪಡಸಾಲೆಯ ಬೆಂಚಿನ ಮೇಲೇ ಕುಳಿತು ಉಣ್ಣುತ್ತಿದ್ದಳು. ಆಗಷ್ಟೇ ಗುಳಿಗಿ ನುಂಗಿ ನೀರು ಕುಡಿದಿದ್ದಳು. ಕಚೇರಿ ಕೆಲಸಕ್ಕೆ ಬಂದ ಅಪರಿಚಿತನೊಬ್ಬ ಬಾಗಿಲು ನೂಕಿ ಒಳಗೆ ಬಂದ.

"ಯವ್ವಾ, ಲಗೂನ ನೀಡ ಬಾ! ಹಸದು ಸಾಯಾಕತ್ತೀನಿ!"

ಅವಳು ಏಳಲು ಹೊರಟದ್ದು ನನಗೆ ಗೊತ್ತಾಯಿತು, ನಾನು ಅವಳ ತೊಡೆಯ ಮೇಲೇ ಇದ್ದೆನಲ್ಲ. ಅಡಿಗೆಮನೆಯಿಂದ ಕಾಶವ್ವ ಇಣುಕಿದಳು. ಸಾವಂತ್ರೆವ್ವ ಒಂದು ಕೈಯಿಂದ ನನ್ನನ್ನು ಹಿಡಿದು, ಇನ್ನೊಂದು ಕೈಯಿಂದ ಎದುರಿನ ಬೆಂಚು ತೋರಿಸಿದಳು.

"ಕುಂದ್ರಪಾ. ಇನ್ನೂ ಒಂದ ರೊಟ್ಟಿ ಐತಿ ನಂದು."

ಅವನು ಕುಳಿತ. ಅವಳು ರೊಟ್ಟಿ ಮುರಿದು, ಪಲ್ಯ ಹಚ್ಚಿ, ನಿಧಾನವಾಗಿ ಅಗಿದಳು.