ಯಶೋಧತ್ತೆಯನ್ನು ಮೂವತ್ತು ನಿಮಿಷ ಮಲಗಿಸುವುದು

೧.
ಸುಮ್ಮನೆ ಮಲಗಿರುವವರ ಕಥೆಯನ್ನು ಎಲ್ಲಿಂದ ಶುರು ಮಾಡೋದು? ಅವರು ಎದ್ದರೆ ಕಥೆ ಶುರುವಾಗತ್ತೆ, ಪ್ರಯೋಗ ಕೆಡತ್ತೆ. (ಮೊದಲ ಡ್ರಾಫ್ಟಿನಲ್ಲಿ ತೀರ್ಥಹಳ್ಳಿಯ ಪೈಲ್ವಾನನೊಬ್ಬನನ್ನು ಮಲಗಿಸಿದ್ದೆ. ಗೊರಕೆ ಹೊಡೆದ. ನಿದ್ದೆ ಮಾಡೋ ಹಾಗಿಲ್ಲ. ಹರಿದು ಹಾಕಿದೆ, ಡ್ರಾಫ್ಟನ್ನು.)

೨.
ಸಾಗರದ ಒಂದು ಕಾಲೇಜು. ಎಂಎಸ್ಸಿ ಓದುವ ತ್ರಿಶಲಾ, ಮನುಷ್ಯ ಏನೂ ಮಾಡದೆ ಬಿದ್ದುಕೊಂಡಾಗ ದೇಹ ಎಷ್ಟು ಶಕ್ತಿ ಖರ್ಚು ಮಾಡತ್ತೆ ಅಂತ ಅಳೆಯಬೇಕು. ಹನ್ನೆರಡು ಗಂಟೆ ಖಾಲಿ ಹೊಟ್ಟೆ; ಆಮೇಲೆ ಅರ್ಧ ಗಂಟೆ ಅಲುಗಾಡದೆ, ಮಾತಾಡದೆ, ಎಚ್ಚರವಾಗಿ ಮಲಗಬೇಕು. ಒಂಬತ್ತು ಜನ ಆಗಿದ್ದಾರೆ. ಹತ್ತನೆಯವರಿಲ್ಲದಿದ್ದರೆ ಪ್ರಾಜೆಕ್ಟ್ ಢಮಾರ್. ಮಾಸ್ಕ್ ಹಾಕಿ ಉಸಿರು ಅಳೆಯೋ, ಎರವಲು ತಂದ ಮಷಿನ್ನು ಇವತ್ತು ಬೆಳಿಗ್ಗೆ ಹತ್ತಕ್ಕೆ ವಾಪಸ್.

ಹತ್ತನೆಯವರು ಅವಳ ಸೋದರತ್ತೆ, ಹೊಸನಗರದ ಯಶೋಧಾ. ನಿನ್ನೆಯೇ ಬಂದಿದ್ದಾರೆ. ಜೈನರ ಮನೆ, ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ಉಂಡವರಲ್ಲ. ಖಾಲಿ ಹೊಟ್ಟೆಯಲ್ಲಿ ಗೋಲ್ಡ್ ಮೆಡಲ್.

ಮಲಗೋದ್ರಲ್ಲಿ ಫೇಲ್.

೩.
ಏಳೂವರೆಗೆ ಮಾಸ್ಕ್ ಹಾಕಿ ಮಲಗಿಸಿದಳು. ಹನ್ನೊಂದನೇ ನಿಮಿಷಕ್ಕೆ ಅಟೆಂಡರ್ ದುರ್ಗೇಶ್ ಬಾಗಿಲು ತೆಗೆದ. ಅತ್ತೆ ಎದ್ದು ಕೂತು, ಮಾಸ್ಕ್ ಕೆಳಗೆಳೆದು, "ಬಾರಪ್ಪ. ತಿಂಡಿ ಆಯ್ತಾ?"

"ಅತ್ತೇ! ಏಳ್ಬಾರ್ದು!"

"ಬಂದೋರ್ನ ಮಲ್ಕೊಂಡು ಮಾತಾಡ್ಸದಾ? ನಾನೇನು ಬಾಣಂತಿಯಾ?"

ಎರಡನೇ ಸಲ ಪ್ರೊಫೆಸರ್ ಮುಕುಂದಯ್ಯ ಬಂದರು. (ಮೂಗು ಹಿಡ್ಕೊಂಡು ಓದಿ, ಅವರ ದನಿ ಹಾಗೇ.) "ಅಮ್ಮಾ, ರೆಷ್ಟ್ ಅಂದ್ರೆ ಕಂಪ್ಲೀಟ್ ರೆಷ್ಟು!" ಅತ್ತೆ ಕೈಮುಗಿದು ನಿಂತೇಬಿಟ್ಟರು. ಇಪ್ಪತ್ತೆರಡನೇ ನಿಮಿಷ. ತ್ರಿಶಲಾ ಕಣ್ಣಲ್ಲಿ ನೀರು.

೪.
ಅಂತ್ಯ ಅ: ತೂಕ, ಎತ್ತರ, ವಯಸ್ಸನ್ನು ಸೂತ್ರಕ್ಕೆ ಹಾಕಿ, ದಿನಕ್ಕೆ ೧೦೬೪ ಕ್ಯಾಲರಿ ಅಂತ ಬರೆದುಬಿಡೋದು.

"ಅಂದಾಜಿಗೆ ನಾನ್ಯಾಕೆ ಬಸ್ ಹತ್ತಿ ಬರ್ಬೇಕಿತ್ತು?" ಅತ್ತೆ ನನ್ನನ್ನೇ ಗದರಿದರು. "ಬರೆಯೋರೇ, ಹುಡ್ಗಿ ಅಳೀಲಿ ಬಿಡಿ."

ಅಂತ್ಯ ಆ: ಅತ್ತೆಯನ್ನು ಮಂಚಕ್ಕೆ ಕಟ್ಟೋದು. (ತ್ರಿಶಲಾ ನನ್ನ ಪೆನ್ನು ಕಿತ್ತುಕೊಂಡಳು. ವಾಪಸ್ ಪಡೆಯಲು ಸಾರಿ ಕೇಳಿದೆ.)

೫.
ಕೊನೆಗೆ ಲೇಖಕನ ಪವರ್ ಚಲಾಯಿಸಿದೆ. ದುರ್ಗೇಶನನ್ನು ಹೊಡೆದುಹಾಕಿದೆ, ಗೀಟೆಳೆದು. ಮುಕುಂದಯ್ಯನವರನ್ನು ಬ್ರಾಕೆಟ್ಟಿಗೆ ತಳ್ಳಿ ಮುಚ್ಚಿದೆ. ಈಗ ಒಂಬತ್ತೂಕಾಲು.

"ಯಾರೂ ಬರಲ್ಲ ತಾನೇ?"

"ಯಾರೂ ಇಲ್ಲ ಅತ್ತೆ."

ಅತ್ತೆ ಮಲಗಿದರು. ಹಗಲಲ್ಲಿ, ಎಚ್ಚರದಲ್ಲಿ, ಸುಮ್ಮನೆ. ಎಷ್ಟು ವರ್ಷಕ್ಕೋ. ಮಾಸ್ಕಿನೊಳಗೆ ಮುಖ ಸಣ್ಣಗೆ ನಗುತ್ತಿದೆ. ಇಪ್ಪತ್ತಾರು. ಇಪ್ಪತ್ತೇಳು. ಉಸಿರು ಬಿಗಿಹಿಡಿದಿರೋದು ಮಾತ್ರ ತ್ರಿಶಲಾ.

ಇಪ್ಪತ್ತೆಂಟು. ಅತ್ತೆಯ ಕಣ್ಣು ಮೆಲ್ಲಗೆ ನಮ್ಮ ಕಡೆ ತಿರುಗುತ್ತಿದೆ; ನಾವೂ ಬಂದೋರೇ ತಾನೇ. ಇನ್ನೊಂದು ಸಾಲು ಎಳೆದರೆ ಎದ್ದೇ ಬಿಡ್ತಾರೆ. ರಿಸಲ್ಟ್ ನನಗೂ ಬೇಡ, ನಿಮಗೂ ಬೇಡ. ಬನ್ನಿ, ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ. ನೀವು ಮುಂದೆ ನಡೀರಿ, ಬಾಗಿಲು ನಾನು ಸದ್ದಿಲ್ದೆ ಎಳ್ಕೊಂಡು