ಐವತ್ತೆಂಟನೇ ಕಲ್ಲಿನ ಬೆನ್ನು

ನಮ್ಮಪ್ಪ ಅಮರೇಶಪ್ಪ ಕೆಲಸದ ಮೇಲೆ ಸತ್ತ. ಈ ಒಂದು ಸಾಲು ಕಾಗದದ ಮೇಲೆ ಬರಲಿ ಅಂತ ನಮ್ಮವ್ವ ಶಿವದೇವಿ ವರ್ಷದಿಂದ ಹೈದರಾಬಾದಿನ ರಸ್ತೆ ಕಚೇರಿಗೆ ತಿರುಗುತ್ತಿದ್ದಳು. ಬಂದರೆ ಅಪ್ಪನ ನೌಕರಿ ಅವಳಿಗೆ. ಬರದಿದ್ದರೆ ಅಪ್ಪನ ಮೇಲಿನ ಇಂಜಿನಿಯರ್ ಬರೆದ ಸಾಲೇ ಖಾಯಂ: ಕುಡಿದು, ಮುಚ್ಚಿದ ರಸ್ತೆಯಲ್ಲಿ ಅಲೆಯುವಾಗ ಲಾರಿಗೆ ಸಿಕ್ಕ. ಅಪ್ಪ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ.

ಅದು ನಿಜಾಮರ ಕಾಲದಲ್ಲಿ ಮೊರಂ, ಅಂದರೆ ಕೆಂಪು ಗರಸು, ಹಾಸಿದ ರಸ್ತೆ. ಆಮೇಲೆ ಡಾಂಬರು ಬಂತು, ನಂಬರು ಬಂತು, ರಾಜ್ಯ ಹೆದ್ದಾರಿ ಅಂತ ಕಿಲೋಮೀಟರ್ ಕಲ್ಲುಗಳ ತಲೆಗೆ ಹಸಿರು ಬಣ್ಣ ಬಂತು. ಅಪ್ಪ ಇಪ್ಪತ್ತಾರು ವರ್ಷ ಅದರ ಗುಂಡಿ ಮುಚ್ಚಿದ, ಮುಳ್ಳು ಕಡಿದ, ಕಲ್ಲುಗಳಿಗೆ ಬಣ್ಣ ಹೊಡೆದ. 2003ರ ಏಪ್ರಿಲಿನಲ್ಲಿ ಪಕ್ಕದ ಹೊಸ ಅಗಲ ರಸ್ತೆಗೆ ಆ ನಂಬರು ಕೊಟ್ಟು ಇದನ್ನು ಪಟ್ಟಿಯಿಂದ ತೆಗೆದರು. ತೆಗೆದದ್ದು ಕಾಗದದಲ್ಲಿ. ದೊಡ್ಡ ಸಾಹೇಬರು ಆ ಕಡೆಯಿಂದ ಬರಬಹುದು, ಕಲ್ಲು ಹೊಳೆಯಬೇಕು ಅಂತ ಇಂಜಿನಿಯರ್ ಬಾಯಿಮಾತಿನಲ್ಲಿ ಅಪ್ಪನನ್ನು ಕಳಿಸುತ್ತಲೇ ಇದ್ದ. ಜೂನ್ ಹನ್ನೆರಡಕ್ಕೆ ಐವತ್ತೆಂಟನೇ ಕಲ್ಲಿನ ಹತ್ತಿರ ಮರಳಿನ ಲಾರಿ ಹೊಡೆಯಿತು. ಮರುದಿನದಿಂದ ಆ ಬಾಯಿ ಯಾರಿಗೂ ಏನೂ ಹೇಳಿಯೇ ಇರಲಿಲ್ಲವಂತೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಹೈದರಾಬಾದಿನ ಬಾಲಾನಗರದ ವರ್ಕ್‌ಶಾಪುಗಳಿಗೆ ಬೋರ್ಡು ಬರೆಯುತ್ತೇನೆ. ಅಪ್ಪ ಸತ್ತ ಎರಡು ತಿಂಗಳಿಗೆ ಆ ಕಲ್ಲುಗಳ ನಂಬರು ಅಳಿಸಿ ಬಿಳಿ ಬಳಿಯುವ ಕೆಲಸ ಒಬ್ಬ ಗುತ್ತೇದಾರನಿಗೆ ಸಿಕ್ಕಿತು. ನಾನೇ ಕೇಳಿಕೊಂಡು ಹೋಗಿ ಅವನ ಹತ್ತಿರ ಸೇರಿದೆ. ಅಪ್ಪನನ್ನು ತಿಂದ ರಸ್ತೆ, ಅದರ ಹೆಸರು ನನ್ನ ಕೈಯಿಂದಲೇ ಹೋಗಲಿ ಅನ್ನಿಸಿತ್ತು.

ಬಣ್ಣ ಹೊಡೆದ ದಿನ ಕಲ್ಲಿನ ಬೆನ್ನಿಗೆ ತಾರೀಖು ಬರೆಯುವುದು ಅಪ್ಪನ ಗ್ಯಾಂಗಿನವರ ರೂಢಿ. ಅಪ್ಪನಿಗೆ ಓದು ಬರದು. ಅಂಕಿಗಳನ್ನು ಚಿತ್ರದಂತೆ ಬಿಡಿಸುತ್ತಿದ್ದ, ಆರರ ಹೊಟ್ಟೆ ಯಾವಾಗಲೂ ದಪ್ಪ. ಐವತ್ತೆಂಟರ ಬೆನ್ನ ಮೇಲೆ ಇತ್ತು: 12-6-03. ನೋಡಲಾಗಲಿಲ್ಲ. ಎರಡು ಸಲ ಬಿಳಿ ಬಳಿದೆ. ಇಂಜಿನಿಯರನ ವರದಿ ಆಗಿನ್ನೂ ನಮ್ಮ ಕೈಗೆ ಬಂದಿರಲಿಲ್ಲ.

ಕಚೇರಿಯಲ್ಲಿ ನಮ್ಮ ಕನ್ನಡ ಆಡುವವರು ಹೆಡ್ ಕ್ಲಾರ್ಕ್ ಜಯತೀರ್ಥರಾಯರು ಒಬ್ಬರೇ. ನಾನು ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು, ಫೈಲು ತಿರುವಿ, ಏಪ್ರಿಲ್ ಆದಮೇಲೂ ಅಲ್ಲಿ ಕೆಲಸ ನಡೆದಿತ್ತು ಅನ್ನುವುದಕ್ಕೆ ಒಂದು ಗುರುತಾದರೂ ಬೇಕು ಅಂದರು. ತಾರೀಖಿನ ಸಂಗತಿ ಬಾಯಿಬಿಟ್ಟೆ.

"ಸೋಮವಾರ ಹೊಸಾ ಇಂಜಿನಿಯರನ್ನ ಕಳಸ್ತೀನಿ. ಅವರ ಮುಂದ ಕೆರಿ," ಅಂದರು. "ಅಲ್ಲೀತನಕ ಕಲ್ಲು ಮುಟ್ಟಬ್ಯಾಡ, ತಮ್ಮಾ. ನಿನ್ನ ಕೈ ಸುಮ್ನ ಕೂಡೂದಲ್ಲ, ಅದಕ್ಕ ಹೇಳಲಿಕ್ಕತ್ತೀನಿ."

ಕೂಡಲಿಲ್ಲ. ಈ ಕಚೇರಿಯ ಸೋಮವಾರಗಳು ನನಗೆ ಗೊತ್ತು. ಹಳೇ ಇಂಜಿನಿಯರನಿಗೆ ಸುದ್ದಿ ಮುಟ್ಟಿದರೆ ಕಲ್ಲೇ ಇರುವುದಿಲ್ಲ ಅನ್ನುವ ಹೆದರಿಕೆ ಬೇರೆ. ಶುಕ್ರವಾರ ಬ್ಲೇಡು ಹಿಡಿದು ಕೂತೆ. ಗುತ್ತೇದಾರ ಪೇಂಟಿನ ಬದಲು ಸುಣ್ಣ ಕೊಟ್ಟಿದ್ದ, ಸುಲಭವಾಗಿ ಉದುರಿತು. ಹೊಟ್ಟೆ ದಪ್ಪದ ಆರು ಕಂಡಿತು. ಹಾರೆ ಹಾಕಿ ಕಲ್ಲು ಕಿತ್ತೆ. ಟ್ರಾಲಿ ಆಟೋದವನೂ ನಾನೂ ಸೇರಿ ಅದನ್ನು ಹೊತ್ತು ತಂದು ರಾಯರ ಮೇಜಿನ ಪಕ್ಕ ಇಳಿಸಿದೆವು.

ರಾಯರು ಕನ್ನಡಕ ತೆಗೆದರು.

"ನೆಲದಾಗ ಇದ್ದಾಗ ಇದು ಸಾಕ್ಷಿ ಇತ್ತು. ಈಗ ಬರೇ ಕಲ್ಲು. ನೀ ಪೇಂಟರ್ ಇದ್ದಿ, ವೈಜನಾಥ. ನಿನ್ನೆ ನೀನ ಬರದಿ ಅಂದ್ರ ನಾ ಏನ್ ಹೇಳ್ಲಿ?"

"ನಮ್ಮಪ್ಪನ ಕೈ ನನಗ ಗೊತ್ತಿಲ್ಲೇನ್ರಿ?"

"ನಿನಗ ಗೊತ್ತದ. ಅದ ಈಗ ತೊಂದ್ರಿ ಆತು."

ಅದೇ ಆಟೋದಲ್ಲಿ ವಾಪಸು ಒಯ್ದೆವು. ಅವ್ವನೂ ಬಂದಳು. ಕಲ್ಲನ್ನು ಹಳೇ ಗುಂಡಿಯಲ್ಲಿ ನಿಲ್ಲಿಸಿ ಮಣ್ಣು ತುಂಬಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೆನ್ನ ಮೇಲಿನ ಆರನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಸೀರೆ ಎತ್ತಿ ಕಟ್ಟಿ, ಹಸಿ ಮಣ್ಣು ತುಳಿಯತೊಡಗಿದಳು. ಎಷ್ಟು ತುಳಿದರೂ ಆ ಮಣ್ಣು ಬೇರೆಯಾಗಿಯೇ ಕಾಣುತ್ತಿತ್ತು.

"ಕೇಳಿದ್ರ ಏನ್ ಹೇಳ್ತಿ?" ಅಂದಳು.

ಮಳೆಗೆ ಸಡಿಲಾಗಿ ಬಿದ್ದಿತ್ತು ಅಂತ ಹೇಳುತ್ತೇನೆ ಅಂದೆ.

"ಒಂದ್ ಸುಳ್ಳು ಬರದಾರಂತ ವರ್ಷ ತಿರಗೇನಿ. ನೀ ಇನ್ನೊಂದ ಬರಸಬ್ಯಾಡ."

ಸೋಮವಾರ ಹತ್ತಕ್ಕೆ ಹೊಸ ಇಂಜಿನಿಯರ್ ನಿಜವಾಗಿಯೂ ಬಂದ. ಕುಕ್ಕರುಗಾಲಿನಲ್ಲಿ ಕೂತು ಕಲ್ಲಿನ ಬೆನ್ನು ನೋಡಿದ. ಆಮೇಲೆ ಬುಡ ನೋಡಿದ. ಇದನ್ನು ಯಾರು ಅಗೆದರು ಅಂತ ತೆಲುಗಿನಲ್ಲಿ ಕೇಳಿದ.

ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನೇ ಅಂದೆ.

ಅವನು ಪೆನ್ನು ತೆಗೆದು ಮೊದಲು ಅದನ್ನೇ ಬರೆದುಕೊಂಡ.