ಕಾಮಾಕ್ಷಮ್ಮನ ಮಂಡಿ ಮತ್ತು ಮೂರು ಊರಿನ ಮಾತ್ರೆ

ಹಿರೀಸಾವೆಯಲ್ಲಿ ಬಸ್ಸು ನಿಂತರೆ ಮೂಗು ತಾನಾಗಿ ಕಾಮಾಕ್ಷಮ್ಮನ ಹೋಟೆಲಿನ ಕಡೆ ತಿರುಗುತ್ತದೆ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೊಂದು ಲೋಟ ಕಾಫಿ. ಗಂಡ ತಿಮ್ಮಪ್ಪ ಕಾಫಿ ನೋಡಿಕೊಳ್ಳುತ್ತಾರೆ, ಗಿರಾಕಿಗಳ ಜತೆ ರಾಜಕೀಯವನ್ನೂ ನೋಡಿಕೊಳ್ಳುತ್ತಾರೆ. ಹೆಂಚಿನ ಮುಂದೆ ಇಪ್ಪತ್ತು ವರ್ಷದಿಂದ ನಿಂತಿರುವವರು ಕಾಮಾಕ್ಷಮ್ಮ. ನಾನು ಅಲ್ಲಿನ ಶಾಲೆಯಲ್ಲಿ ಪಾಠ ಮಾಡುವವಳು. ಚನ್ನರಾಯಪಟ್ಟಣದಿಂದ ಬಂದು ಇಳಿದರೆ ಮೊದಲು ರೊಟ್ಟಿ, ಆಮೇಲೆ ಶಾಲೆ. ಹಾಗಾಗಿ ಈ ಕಥೆಯಲ್ಲಿ ಅರ್ಧ ನಾನೇ ಕಂಡದ್ದು. ಉಳಿದರ್ಧ ತಿಮ್ಮಪ್ಪ ಹೇಳಿದ್ದು. ಅದರಲ್ಲಿ ಸ್ವಲ್ಪ ಉಪ್ಪು ಖಾರ ಅವರದೇ ಇರಬಹುದು.

ಕಳೆದ ವರ್ಷ ಕಾಮಾಕ್ಷಮ್ಮನ ಬಲಮಂಡಿಗೆ ಆಪರೇಷನ್ ಆಯಿತು. ಸವೆದ ಮಂಡಿ ತೆಗೆದು ಹೊಸದು ಕೂಡಿಸಿದರು. ಎಲ್ಲ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು ನೋವಿಗೆಂದು ಮಾತ್ರೆ ಬರೆದುಕೊಟ್ಟು, "ಹತ್ತು ದಿನ ಮಾತ್ರ, ಆಮೇಲೆ ಬಂದು ತೋರಿಸಿ" ಅಂದರು. ಕಾಮಾಕ್ಷಮ್ಮ ಮಾತ್ರೆ ತಂದರು, ಆ ಮಾತನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದರು.

ಹತ್ತು ದಿನ ಹೋಗಿ ಎಂಟು ತಿಂಗಳಾಯಿತು. ಗಾಯ ಒಣಗಿತು, ನೋವು ಮಾತ್ರ ಪೂರ್ತಿ ಹೋಗಲಿಲ್ಲ. ಬೆಳಿಗ್ಗೆ ಒಂದು ಇದ್ದ ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಮೊದಲು ಊರಿನ ಸುದ್ದಿಯನ್ನೆಲ್ಲ ರೊಟ್ಟಿಯ ಜತೆ ಬಡಿಸುತ್ತಿದ್ದ ಹೆಂಗಸು, ಈಗ ಕೇಳಿದ್ದಕ್ಕೆ "ಹೂಂ" ಅನ್ನುತ್ತಿದ್ದರು. ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ರೊಟ್ಟಿಗಳು ಕರಿಬಣ್ಣಕ್ಕೆ ತಿರುಗಿದವು. ನಾವೂ ಮರ್ಯಾದೆಗೆ ತಿಂದೆವು.

ಒಂದು ದಿನ ಹಾಗೇ ತೂಕಡಿಸಿ ಎಡಗೈ ಕಾದ ಹೆಂಚಿಗೆ ಒತ್ತಿತು. ಅಂಗೈ ತುಂಬ ಬೊಬ್ಬೆ. ತಿಮ್ಮಪ್ಪ ಗಾಯಕ್ಕೆ ನೀರು ಹಾಕುತ್ತಾ ಗದರಿದರು.

"ಸಾಕು ಕಣೇ. ಇನ್ನೊಂದ್ಸಲ ಇಂಗಾದ್ರೆ ಹೋಟ್ಲು ಬಾಗ್ಲು ಆಕ್ಬುಡ್ತೀನಿ."

"ಆಕ್ಬುಟ್ಟು? ನಾನೇನ್ ಮಾಡ್ಲಿ? ಗೋಡೆ ನೋಡ್ಕಂಡ್ ಕೂತಿರ್ಲಾ?" ಅಂದರು ಕಾಮಾಕ್ಷಮ್ಮ. "ಈ ಮಾತ್ರೆ ಇರೋ ಒತ್ಗೆ ನಿಂತಿವ್ನಿ. ಇದೂ ಇಲ್ದಿದ್ರೆ ಎಂಚು ಮುಂದೆ ನಿಲ್ಲೋಕಾಯ್ತದಾ?"

ಹೀಗಿತ್ತು ಅವರ ಇಕ್ಕಟ್ಟು. ಮಾತ್ರೆ ನುಂಗಿದರೆ ಕೈ ಸುಡುತ್ತದೆ, ಬಿಟ್ಟರೆ ಮಂಡಿ ನಿಲ್ಲಿಸುವುದಿಲ್ಲ. ಹೆಂಚು ಬಿಟ್ಟ ಕಾಮಾಕ್ಷಮ್ಮನನ್ನು ನಾವ್ಯಾರೂ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ.

ಡಾಕ್ಟರ ಹತ್ತಿರ ಹೋಗದೆ ಎಂಟು ತಿಂಗಳು ಮಾತ್ರೆ ಎಲ್ಲಿಂದ ಬಂತು ಅನ್ನುತ್ತೀರಾ? ಅದು ಬಯಲಾದದ್ದು ಒಂದು ಸೋಮವಾರ. ಮುಂದೆಲ್ಲೋ ಲಾರಿ ಮಗುಚಿ ಹೆದ್ದಾರಿ ಕಟ್ಟಿಕೊಂಡಿತು. ಬೆಂಗಳೂರಿಗೆ ಹೊರಟಿದ್ದ ಬಸ್ಸುಗಳು ಸಾಲಾಗಿ ಹೋಟೆಲಿನ ಮುಂದೆ ನಿಂತವು. ಮೂವರು ಕಂಡಕ್ಟರುಗಳು ಒಂದೇ ಮೇಜಿಗೆ ಬಂದು ಕೂತರು. ಅರಕಲಗೂಡು ಬಸ್ಸಿನ ಗುಂಡಯ್ಯ, ರಿಟೈರಾಗಲು ಎರಡೇ ವರ್ಷ ಇರುವ ಹಿರಿಯರು. ಹೊಳೆನರಸೀಪುರ ಬಸ್ಸಿನ ಪರಮೇಶ್. ಹಾಸನ ಬಸ್ಸಿನ ಅನಿಲ್‌ಕುಮಾರ್. ಬೇರೆ ಬೇರೆ ಹೊತ್ತಿಗೆ ಬರುವವರು, ಅಂದು ಮಾತ್ರ ಒಟ್ಟಿಗೆ ಸಿಕ್ಕಿದ್ದರು.

ಗುಂಡಯ್ಯ ಟಿಕೆಟ್ ಚೀಲದಿಂದ ಮಾತ್ರೆಯ ಒಂದು ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ತಕಳಮ್ಮ, ನಿಮ್ ಮಂಡಿ ಮಾತ್ರೆ."

"ನೀವ್ಯಾಕ್ ತಂದ್ರಿ ಅಣ್ಣ? ನಾನ್ ತಂದಿವ್ನಲ್ಲ!" ಅಂದ ಪರಮೇಶ್, ಜೇಬಿಗೆ ಕೈ ಹಾಕಿ.

ಅನಿಲ್‌ಕುಮಾರ್ ತನ್ನದೊಂದು ಪಟ್ಟಿಯನ್ನು ಮೆಲ್ಲಗೆ ಪಕ್ಕದಲ್ಲಿಟ್ಟ. ಚಟ್ನಿ ಬಟ್ಟಲಿನ ಸುತ್ತ ಮೂರು ಊರಿನ ಮೂರು ಪಟ್ಟಿ, ಮೂರೂ ಒಂದೇ ಮಾತ್ರೆ.

"ನಿನ್ನೊಬ್ಬನ್‌ಗೇ ಏಳ್ತಾ ಇವ್ನಿ ಕಣಪ್ಪ ಅಂದಿದ್ರಿ ನಂಗೆ!" ಅಂದ ಪರಮೇಶ್.

"ನಂಗೂ ಅಂಗೇ ಅಂದಿದ್ರು ಕಣ್ಲಾ," ಅಂದರು ಗುಂಡಯ್ಯ, ಮುಖ ಸಣ್ಣಗೆ ಮಾಡಿಕೊಂಡು.

ನಾವು ನಕ್ಕೆವು. ಪಕ್ಕದ ಮೇಜಿನಲ್ಲಿ ತಿಂಡಿ ತಿನ್ನುತ್ತಿದ್ದ ಸ್ನೇಹಲತಾ ಮಾತ್ರ ನಗಲಿಲ್ಲ. ಅವರು ನಮ್ಮ ಆರೋಗ್ಯ ಕೇಂದ್ರದ ನರ್ಸ್. ಎದ್ದು ಬಂದು ಪಟ್ಟಿಯನ್ನು ತಿರುಗಿಸಿ ಹೆಸರು ಓದಿದರು.

"ಇದಕ್ಕೆ ಚೀಟಿ ಬೇಕಲ್ವಾ? ಹೆಂಗೆ ಕೊಟ್ರು?"

"ಚೀಟಿ ಫೋಟೋ ಐತೆ ಮೇಡಂ. ಅಮ್ಮ ಫೋನಿಗೆ ಆಕವ್ರೆ," ಅಂದ ಅನಿಲ್‌ಕುಮಾರ್. ಎಂಟು ತಿಂಗಳ ಹಿಂದಿನ ಚೀಟಿ. ಒಂದೇ ಚೀಟಿ ಮೂರು ಫೋನಿನಲ್ಲಿ ಕೂತು ಮೂರು ಊರಿನ ಅಂಗಡಿ ಸುತ್ತಿತ್ತು.

"ಕಾಮಾಕ್ಷಮ್ಮ, ಇದು ಟ್ರಮಡಾಲ್. ಸಾಮಾನ್ಯ ನೋವಿನ ಮಾತ್ರೆ ಅಲ್ಲ. ಅಫೀಮಿನ ಜಾತಿಗೆ ಸೇರಿದ್ದು," ಅಂದರು ಸ್ನೇಹಲತಾ.

"ಅಫೀಮಾ?" ಕಾಮಾಕ್ಷಮ್ಮ ರೊಟ್ಟಿ ಮಗುಚೋ ಸಟ್ಟುಗ ಎತ್ತಿದರು. "ನಾನೇನ್ ಅಫೀಮು ತಿನ್ನೋಳಾ? ಡಾಕ್ಟ್ರೇ ಕೊಟ್ಟಿದ್ದು ಕಣವ್ವ!"

"ಕೊಟ್ಟಿದ್ದು ಸರಿ. ಆಪರೇಷನ್ ಆದ ಹೊಸದರಲ್ಲಿ ಇದು ಬೇಕಾಗುತ್ತೆ. ತಿಂಗಳುಗಟ್ಟಲೆ ತಿಂದರೆ ಮೈ ಅದಕ್ಕೇ ಒಗ್ಗಿಹೋಗುತ್ತೆ. ಮೊದಲಿನಷ್ಟು ಸಾಲದು, ಇನ್ನೂ ಬೇಕು ಅನ್ಸುತ್ತೆ. ತೂಕಡಿಕೆ ಬರುತ್ತೆ, ಮಲ ಕಟ್ಟುತ್ತೆ. ಜಾಸ್ತಿ ಆದ್ರೆ ಫಿಟ್ಸ್ ಬರಬಹುದು, ಉಸಿರಾಟಕ್ಕೂ ಅಪಾಯ. ನಿಮ್ಮ ತಪ್ಪು ಅಂತ ಹೇಳ್ತಿಲ್ಲ..."

ಕಾಮಾಕ್ಷಮ್ಮನಿಗೆ ಕೊನೆಯ ಮಾತು ಕೇಳಲೇ ಇಲ್ಲ. ಇಪ್ಪತ್ತು ಜನರ ಎದುರು ಅಫೀಮು ಅನ್ನಿಸಿಕೊಂಡ ಅವಮಾನ ಅವರಿಗೆ. ಮೂರು ಪಟ್ಟಿಯನ್ನೂ ಬಾಚಿ ಕಲಗಚ್ಚಿನ ಬಕೆಟ್ಟಿಗೆ ಎಸೆದರು. "ಇವತ್ತಿಂದ ಒಂದೂ ಮುಟ್ಟಾಕಿಲ್ಲ, ನೋಡ್ತಿರಿ!"

"ಅಯ್ಯೋ, ಅದು ಅಸ ಕುಡ್ಯೋದು ಕಣೇ!" ಎಂದು ತಿಮ್ಮಪ್ಪ ತೋಳು ಮಡಚಿ ಬಕೆಟ್ಟಿಗೆ ಕೈ ಹಾಕಿದರು. ಹಸುವಿನ ಜೀವ ಉಳಿಯಿತು. ಆ ಗಲಾಟೆಯಲ್ಲಿ ರಸ್ತೆ ತೆರೆದು ಬಸ್ಸುಗಳು ಹಾರನ್ ಹೊಡೆದವು. "ಒಂದೇ ಸಲ ಬಿಡಬೇಡಿ ಕಾಮಾಕ್ಷಮ್ಮ" ಎಂದು ಸ್ನೇಹಲತಾ ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೋಟೆಲಿನ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಕಾಮಾಕ್ಷಮ್ಮ ಕಂಬಳಿ ಹೊದ್ದು ಮಂಚದಲ್ಲಿ ಮುದುಡಿದ್ದರು. ಮೈಯೆಲ್ಲ ಬೆವರು, ಮೇಲೆ ಚಳಿ. ಮೂಗಲ್ಲಿ ನೀರು, ಆಕಳಿಕೆಯ ಮೇಲೆ ಆಕಳಿಕೆ, ಹೊಟ್ಟೆ ಕೆಟ್ಟಿತ್ತು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ತಿಮ್ಮಪ್ಪ ಓಡಿಹೋಗಿ ಸ್ನೇಹಲತಾರನ್ನು ಕರೆತಂದರು. ಆ ಹೊತ್ತಿಗೆ ಅರಕಲಗೂಡು ಬಸ್ಸೂ ಬಂದು, ಗುಂಡಯ್ಯ ಬಾಗಿಲಲ್ಲಿ ನಿಂತಿದ್ದರು.

"ನೋಡಿದ್ರಾ?" ಅಂದರು ಕಾಮಾಕ್ಷಮ್ಮ, ಗೆದ್ದವರ ಹಾಗೆ. "ಮಂಡಿ ವಾಸಿನೇ ಆಗಿಲ್ಲ. ಮಾತ್ರೆ ಬಿಟ್ಟಿದ್ಕೆ ಮೈಯೆಲ್ಲ ನೋವು ಅತ್ಕಂಡೈತೆ."

ಸ್ನೇಹಲತಾ ಮೊದಲು ಮಂಡಿ ಮುಟ್ಟಿ ನೋಡಿದರು. ಊತ ಇರಲಿಲ್ಲ, ಕೆಂಪಾಗಿರಲಿಲ್ಲ, ಜ್ವರವೂ ಇರಲಿಲ್ಲ. "ಮಂಡಿ ನೋವಾದ್ರೆ ಆಕಳಿಕೆ ಯಾಕೆ ಬರುತ್ತೆ ಹೇಳಿ? ಮೂಗು ಯಾಕೆ ಸುರಿಯುತ್ತೆ? ಎಂಟು ತಿಂಗಳು ಒಗ್ಗಿದ್ದ ಮಾತ್ರೆ ಒಂದೇ ದಿನಕ್ಕೆ ನಿಂತಿದ್ದಕ್ಕೆ ಮೈ ಹಿಂಗೆ ಆಡ್ತಿದೆ."

"ಅಮ್ಮಾ, ಓಡೋ ಬಸ್ಸಿಂದ ಧುಮುಕ್ಬುಟ್ಟಿವ್ರಿ ನೀವು," ಅಂದರು ಗುಂಡಯ್ಯ. "ಮೂವತ್ತು ವರ್ಷದಿಂದ ಬಡ್ಕತಾ ಇವ್ನಿ ನಾನು, ನಿಂತ್ ಮೇಲೆ ಇಳೀರಿ, ನಿಂತ್ ಮೇಲೆ ಇಳೀರಿ ಅಂತ."

ಕಂಬಳಿಯೊಳಗಿಂದ ಕಾಮಾಕ್ಷಮ್ಮ ನಕ್ಕರೋ ಅತ್ತರೋ ತಿಳಿಯಲಿಲ್ಲ. ಆದರೆ ಹಾಸನಕ್ಕೆ ಹೋಗಲು ಒಪ್ಪಿದರು.

ಹಾಸನದಲ್ಲಿ ಡಾಕ್ಟರು ಎಕ್ಸ್‌ರೇ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಹೊಸ ಮಂಡಿ ಸರಿಯಾಗಿಯೇ ಇದೆ ಅಂದರು. ಕೆಲವರಿಗೆ ಗಾಯ ಒಣಗಿದ ಮೇಲೂ ನರಗಳು ನೋವಿನ ಸುದ್ದಿ ಹೇಳುವುದನ್ನು ನಿಲ್ಲಿಸುವುದಿಲ್ಲ, ಅದು ಸುಳ್ಳು ನೋವಲ್ಲ, ನಿಜವಾದ ನೋವೇ, ಅದಕ್ಕೆ ಬೇರೆ ದಾರಿಗಳಿವೆ ಎಂದು ಬಿಡಿಸಿ ಹೇಳಿದರು. ನಿಜವಾದ ನೋವು ಅಂದದ್ದೇ ಕಾಮಾಕ್ಷಮ್ಮನಿಗೆ ಅರ್ಧ ಸಮಾಧಾನ.

"ಅದೆಲ್ಲ ಇರ್ಲಿ ಸಾ. ಎಂಚು ಮುಂದೆ ನಿಲ್ತೀನೋ ಇಲ್ವೋ, ಅಷ್ಟೇಳಿ."

"ನಿಲ್ತೀರಮ್ಮ. ಆದರೆ ಒಂದೇ ಸಮ ನಾಲ್ಕು ಗಂಟೆ ಅಲ್ಲ. ನೋವು ಪೂರ್ತಿ ಹೋಗುತ್ತೆ ಅಂತಲೂ ನಾನು ಹೇಳಲ್ಲ. ಕಡಿಮೆ ಆಗುತ್ತೆ, ಹಿಡಿತಕ್ಕೆ ಬರುತ್ತೆ."

ಮಾತ್ರೆಯನ್ನು ಮತ್ತೆ ಶುರು ಮಾಡಿ, ಎರಡು ಮೂರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುವ ಹಾಗೆ ಡಾಕ್ಟರು ಬರೆದುಕೊಟ್ಟರು. ಅದು ಕಾಮಾಕ್ಷಮ್ಮನ ಮೈಗೆ ಹೊಂದಿಸಿದ್ದು, ನೀವು ನಕಲು ಮಾಡಬೇಡಿ. ನರದ ನೋವಿಗೆ ಬೇರೊಂದು ಔಷಧಿ ಕೊಟ್ಟರು. ಫಿಸಿಯೋಥೆರಪಿಯವರು ಕಾಲು ಮಡಚಿ ಚಾಚುವ ವ್ಯಾಯಾಮ ಕಲಿಸಿದರು. ಮಾತ್ರೆಯ ಡಬ್ಬಿ ತಿಮ್ಮಪ್ಪನ ಕೈಗೆ ಬಂತು. ಹೆಂಚಿನ ಪಕ್ಕ ಎತ್ತರದ ಸ್ಟೂಲು ಬಂತು: ಅರ್ಧ ಗಂಟೆ ನಿಲ್ಲುವುದು, ಹತ್ತು ನಿಮಿಷ ಕೂರುವುದು. ಕೂತ ಹೊತ್ತಿಗೆ ತಿಮ್ಮಪ್ಪ ರೊಟ್ಟಿ ತಟ್ಟಬೇಕು. ಅವರ ರೊಟ್ಟಿಗೆ ಆಕಾರ ಅನ್ನುವುದೇ ಇರಲಿಲ್ಲ. "ಇದ್ಯಾವ್ ತಾಲ್ಲೂಕು ಮ್ಯಾಪು ತಿಮ್ಮಪ್ಪಣ್ಣ, ಅರಕಲಗೂಡಾ?" ಎಂದು ಪರಮೇಶ್ ಕೇಳಿದರೆ, ಸ್ಟೂಲಿನ ಮೇಲಿದ್ದ ಕಾಮಾಕ್ಷಮ್ಮ ಬಿದ್ದು ಬಿದ್ದು ನಕ್ಕರು. ಅವರು ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಮೂರನೆಯ ತಿಂಗಳು ಮಾತ್ರೆ ಅರ್ಧಕ್ಕೆ ಇಳಿದಾಗ ನಿದ್ದೆ ಕೆಟ್ಟಿತು, ನೋವು ಎದ್ದಿತು, ಸಿಟ್ಟು ನೆತ್ತಿಗೇರಿತು. ಒಂದು ದಿನ ತಿಮ್ಮಪ್ಪ ಹಾಲಿಗೆ ಹೋದ ಹೊತ್ತು ನೋಡಿ, ಕಾಮಾಕ್ಷಮ್ಮ ಗುಂಡಯ್ಯನ ಹತ್ತಿರ ಬಗ್ಗಿ ಪಿಸುಗುಟ್ಟಿದರು. ನಾನು ಪಕ್ಕದಲ್ಲೇ ಇದ್ದೆ.

"ಒಂದೇ ಒಂದ್ ಪಟ್ಟಿ ಕಣ್ ಗುಂಡಯ್ಯ. ಯಾರ್ಗೂ ಏಳ್ಬ್ಯಾಡಿ."

"ಇಲ್ಲಮ್ಮ."

"ಇಪ್ಪತ್ತು ವರ್ಷ ನಮ್ ಹೋಟ್ಲಲ್ಲಿ ಕಾಫಿ ಕುಡ್ದಿವ್ರಿ. ಇಷ್ಟೂ ಮಾಡಾಕಿಲ್ವಾ?"

"ಮಾಡಾಕಿಲ್ಲಮ್ಮ."

"ಅಂಗಾದ್ರೆ ಕಾಫಿನೂ ಇಲ್ಲ, ಓಗಿ!"

ಗುಂಡಯ್ಯ ಹೋಗಲಿಲ್ಲ. ಖಾಲಿ ಮೇಜಿನ ಮುಂದೆ ಕೂತೇ ಇದ್ದರು. ಕೂತಲ್ಲಿಂದಲೇ ಅಂದರು: "ನಾನ್ ತಂದ್ಕೊಟ್ಟಿದ್ ಮಾತ್ರೆಗೇ ನಿಮ್ ಕೈ ಸುಟ್ಟಿದ್ದು. ಉಪಕಾರ ಮಾಡ್ತಾ ಇವ್ನಿ ಅಂದ್ಕಂಡಿದ್ದೆ ಕಣಮ್ಮ. ಇನ್ನೊಂದ್ ಸಲ ಆ ಕೆಲ್ಸ ನನ್ ಕೈಲಾಗಾಕಿಲ್ಲ. ಬೇಕಾದ್ರೆ ನನ್ ಫೋನಿಂದ ಸ್ನೇಹಲತಾ ಮೇಡಂಗೆ ಮಾತಾಡಿ, ಆಕ್ಕೊಡ್ತೀನಿ."

ಕಾಮಾಕ್ಷಮ್ಮ ಸೆರಗಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಫೋನಿಗೆ ಕೈ ಚಾಚಿದರು. ಸ್ನೇಹಲತಾ ಬೈಯಲಿಲ್ಲ. ಡಾಕ್ಟರನ್ನು ಕೇಳಿ ತಿಳಿಸಿದರು: ಇಳಿಸುವುದು ಬೇಡ, ಮೂರು ವಾರ ಇಷ್ಟರಲ್ಲೇ ಇರಲಿ, ಆಮೇಲೆ ನೋಡೋಣ. ಇದು ಸೋಲಲ್ಲ, ಮಧ್ಯದಲ್ಲಿ ಒಂದು ಸ್ಟಾಪು ಅಷ್ಟೇ. ಗುಂಡಯ್ಯನಿಗೆ ಕಾಫಿಯೂ ಸಿಕ್ಕಿತು, ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತಂತೆ.

ಆರನೆಯ ತಿಂಗಳಿಗೆ ಕೊನೆಯ ಮಾತ್ರೆ ಮುಗಿಯಿತು. ಈಗ ಒಂದು ತಿಂಗಳಾಗಿದೆ. ನಿನ್ನೆ ಬೆಳಿಗ್ಗೆ ಹೋಟೆಲು ತುಂಬಿತ್ತು. ಕಾಮಾಕ್ಷಮ್ಮ ಹೆಂಚಿನ ಮುಂದೆ ನಿಂತು, ಯಾರ ಮಗಳು ಎಷ್ಟು ಅಂಕ ತೆಗೆದಳು, ಯಾರ ಮನೆಯಲ್ಲಿ ಹಸು ಕರು ಹಾಕಿತು ಎಂದು ಎಲ್ಲ ವರದಿ ಒಪ್ಪಿಸುತ್ತಿದ್ದರು. ಪರಮೇಶ್ ಕೇಳಿದ: "ನೋವು ಓಯ್ತಾ ಅಮ್ಮ?"

"ಎಲ್ಲೋಯ್ತದೆ? ಐತೆ," ಅಂದರು ಕಾಮಾಕ್ಷಮ್ಮ, ರೊಟ್ಟಿ ಮಗುಚುತ್ತಾ. "ಆವಾಗ ಮಾತ್ರೆ ನುಂಗಿದ್ರೆ ನೋವೂ ಇರ್ತಿರ್ಲಿಲ್ಲ, ನಾನೂ ಇರ್ತಿರ್ಲಿಲ್ಲ. ಈಗ ನೋವೂ ಐತೆ, ನಾನೂ ಇವ್ನಿ. ನಿಂಗೆ ಇನ್ನೊಂದ್ ರೊಟ್ಟಿ ಆಕ್ಲಾ?"

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಆಪರೇಷನ್ ಆದವರಿರಬಹುದು. ಇವತ್ತೇ ಅವರ ಮಾತ್ರೆ ಡಬ್ಬಿ ತೆಗೆದು ಕೇಳಿ: ಇದನ್ನು ಎಷ್ಟು ದಿನಕ್ಕೆ ಬರೆದದ್ದು, ಎಷ್ಟು ದಿನದಿಂದ ತಿನ್ನುತ್ತಿದ್ದೀರಿ? ಹಳೆಯ ಚೀಟಿ ತೋರಿಸಿ ಮಾತ್ರೆ ತರಬೇಡಿ, ಪ್ರೀತಿಯಿಂದ ಕೇಳಿದರೂ ಇನ್ನೊಬ್ಬರಿಗೆ ತಂದುಕೊಡಬೇಡಿ, ನಿಮ್ಮ ಮಾತ್ರೆ ಹಂಚಬೇಡಿ. ಹೆಂಡದ ಜತೆ, ನಿದ್ದೆ ಮಾತ್ರೆಯ ಜತೆ ಟ್ರಮಡಾಲಿನಂಥ ಮಾತ್ರೆ ಸೇರಿಸಿದರೆ ಪ್ರಾಣಕ್ಕೇ ಕುತ್ತು. ತಿಂಗಳುಗಟ್ಟಲೆ ತಿಂದಿದ್ದರೆ ಹಠ ಮಾಡಿ ಒಂದೇ ದಿನಕ್ಕೆ ಬಿಡಲೂ ಬೇಡಿ, ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಿ. ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಮನಸ್ಸು ಬಿಚ್ಚಿ ಮಾತಾಡಿ. ಮಾತ್ರೆಗೆ ಮೈ ಒಗ್ಗುವುದು ಯಾರಿಗೆ ಬೇಕಾದರೂ ಆಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಸುಮ್ಮನೆ ಒಳಗೊಳಗೇ ನವೆಯಬೇಡಿ, ಬಾಯಿಬಿಟ್ಟು ಕೇಳಿ.